ಕಪ್ಪು ನಾಲ್ಕರಿಂದ ಇಳಿದ ದೊರೆ

ಬ್ಯಾಡಗಿಯ ಪೇಟಿ ಮಾಸ್ತರ ರುದ್ರಮುನಿಯವರಿಗೆ ಎಪ್ಪತ್ತೊಂದು ವರ್ಷ. ಅವರ ಹಾರ್ಮೋನಿಯಮ್ಮಿಗೆ ಅವರಿಗಿಂತಲೂ ಹೆಚ್ಚು. ಆ ಭಾನುವಾರದ ಸಂಜೆ ಇಬ್ಬರ ಹಣೆಬರಹವೂ ಒಟ್ಟಿಗೇ ತೀರ್ಮಾನವಾಗುವುದಿತ್ತು.

ಊರಿನ ನಾಟಕ ಸಂಘದ ಅಧ್ಯಕ್ಷ, ಮೆಣಸಿನಕಾಯಿ ದಲಾಲ ಶೇಖಪ್ಪ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಈ ಸಲದ ‘ಬರಿಗಾಲ ದೊರೆ’ ಸಂಗೀತ ನಾಟಕದಲ್ಲಿ ಪಾತ್ರಧಾರಿಗಳೇ ಹಾಡಲಿ. ಜನ ಕುಳಿತು ಕೇಳಿದರೆ ಸರಿ. ಎದ್ದು ಹೋದರೆ ಮುಂದಿನ ವರ್ಷದಿಂದ ರೆಕಾರ್ಡು ಮಾಡಿದ ಹಾಡುಗಳೇ ಗತಿ, ಪೇಟಿಗೆ ಅಟ್ಟವೇ ಗತಿ. ಮಾಸ್ತರರು ಒಪ್ಪಿದ್ದರು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ದೊರೆಯ ಪಾತ್ರಕ್ಕೆ ಬಂದವನು ಚಿತ್ರನಟ ಶಶಿಕಾಂತ. ರಾಣೆಬೆನ್ನೂರಿನ ಆಟೋಗಳ ಬೆನ್ನ ಮೇಲೆ ಇಂದಿಗೂ ನಗುವ ಮುಖ ಅದು. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಮಹಡಿಯಲ್ಲಿ ಹತ್ತು ದಿನ ತಾಲೀಮು ನಡೆಯಿತು. ಇಂಥ ದೊಡ್ಡ ನಟ ಈ ಸಣ್ಣ ಸಂಘಕ್ಕೆ ಏಕೆ ಬಂದನೆಂದು ಮಾಸ್ತರರು ಮೊದಲ ದಿನವೇ ಕೇಳಿದ್ದರು.

“ಮೂವತ್ತು ವರ್ಷ ಬೇರೆಯವರ ಹಾಡಿಗೆ ತುಟಿ ಆಡಿಸಿದ್ದೀನಿ ಮಾಸ್ತರೇ,” ಎಂದಿದ್ದ ಅವನು. “ನನ್ನ ಗಂಟಲಲ್ಲಿ ಏನಿದೆ ಅಂತ ಒಂದು ಸಲ ನೋಡಬೇಕು.”

ಗಂಟಲಲ್ಲಿ ಇದ್ದದ್ದು ಹೆಚ್ಚೇನಲ್ಲ. ಸುಳ್ಳಿಲ್ಲದ, ತುಸು ಒರಟಾದ ಒಂದು ದನಿ. ಶ್ರುತಿಯನ್ನು ಸ್ವಲ್ಪ ಇಳಿಸಬಹುದೇ ಎಂದು ಅವನು ಎರಡು ಸಲ ಕೇಳಿಕೊಂಡ. ಮಾಸ್ತರರು ಜಗ್ಗಲಿಲ್ಲ. ಮೈಕಿಲ್ಲದ ಕಾಲದಿಂದ ನಾಯಕನ ಪದವೆಂದರೆ ಪೇಟಿಯ ನಾಲ್ಕನೆಯ ಕಪ್ಪು ಮನೆಯ ಏರು ಶ್ರುತಿಯಿಂದಲೇ ಏಳಬೇಕು, ಕಡೆಯ ಸಾಲಿಗೆ ತಾಗಬೇಕು. ಗುರುಗಳು ಅವರಿಗೆ ಕಲಿಸಿದ್ದೂ ಹಾಗೆಯೇ.

“ದೊರಿ ಅಂದ್ರ ಕಪ್ಪು ನಾಲ್ಕ್ರಿ,” ಎಂದರು. “ಅದಕ್ಕಿಂತ ಕೆಳಗಿಳದ್ರ ಅಂವ ದೊರಿ ಅಲ್ಲ, ದಫೇದಾರ.”

ಶಶಿಕಾಂತ ನಕ್ಕು ಏರಿಯೇ ಹಾಡಿದ್ದ. ಹತ್ತು ದಿನದಲ್ಲಿ ಅವನ ಕತ್ತಿನ ನರಗಳು ಆ ಶ್ರುತಿಗೆ ಬಿಗಿಯಾಗಿ ಒಗ್ಗಿದ್ದವು, ಒತ್ತಾಯದ ಮದುವೆಗೆ ಒಗ್ಗಿದವರಂತೆ.

ನಾಟಕಕ್ಕೆ ಬ್ಯಾಡಗಿಯ ಎರಡು ಗೋದಾಮುಗಳ ನಡುವಿನ ಬಯಲನ್ನು ಗೊತ್ತುಮಾಡಿದರು. ಭಾನುವಾರ ವ್ಯಾಪಾರವಿಲ್ಲ, ಜಾಗ ಖಾಲಿ ಎಂಬುದು ಲೆಕ್ಕಾಚಾರ. ಸೋಮವಾರದ ಪೇಟೆಗೆಂದು ಮೆಣಸಿನಕಾಯಿಯ ಚೀಲಗಳು ಬಂದು ಬೀಳುವುದು ಭಾನುವಾರವೇ ಎಂಬುದು ಊರಿನ ಕೂಸಿಗೂ ಗೊತ್ತಿತ್ತು. ಆದರೂ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಬ್ಯಾಡಗಿಯವರಿಗೆ ಮೆಣಸಿನಕಾಯಿಯ ಘಾಟು ಘಾಟಲ್ಲ, ಗಾಳಿ.

ಸಂಜೆ ಐದಕ್ಕೆ ಬಯಲು ತುಂಬಿತು. ಹಾವೇರಿಯಿಂದ ಬಸ್ಸು ಹಿಡಿದು ಬಂದವರು ಮೊಬೈಲುಗಳನ್ನು ಎತ್ತಿ ಹಿಡಿದು ನಿಂತರು. ಪರದೆ ಸರಿದಾಗ ಶಶಿಕಾಂತ ನಿಂತಿದ್ದ: ರಾಜ್ಯ ಕಳೆದುಕೊಂಡು ಹನ್ನೆರಡು ವರ್ಷದ ಮೇಲೆ ತನ್ನ ಊರಿನ ಅಗಸೆ ಬಾಗಿಲಿಗೆ ಮರಳಿದ ದೊರೆ. ಸಿಳ್ಳೆಗಳು ಅಡಗುವವರೆಗೆ ಕಾದು, ಮಾಸ್ತರರತ್ತ ಒಮ್ಮೆ ನೋಡಿ, ಎತ್ತಿಕೊಂಡ:

“ಬಾಗಿಲು ತೆರೆಯೇ ನನ್ನ ಊರೇ,
ಬಂದವನು ದೊರೆಯಲ್ಲ, ಬರಿಗಾಲ ಮಗನು...”

ಮೊದಲ ಸಾಲು ನೆಟ್ಟಗೆ ಏರಿತು. ಎರಡನೆಯದಕ್ಕೆಂದು ಎದೆತುಂಬ ಉಸಿರೆಳೆದನಷ್ಟೆ. ಗೋದಾಮಿನ ಘಾಟೆಲ್ಲ ಆ ಒಂದೇ ಉಸಿರಿನಲ್ಲಿ ಒಳಹೊಕ್ಕಿತು. ‘ಬಂದವನು’ ಎಂಬಲ್ಲಿ ದನಿ ಒಡೆಯಿತು. ಕೆಮ್ಮು ಬಂತು, ಬಂದದ್ದು ನಿಲ್ಲಲಿಲ್ಲ. ಕಣ್ಣಲ್ಲಿ ನೀರೊಡೆದು ಬಣ್ಣ ಕರಗಿತು.

“ಸಿನಿಮಾದಾಗ ಕೆಮ್ಮಾಕೂ ಬ್ಯಾರೇದವ್ರ ಇರ್ತಾರೇನೋ,” ಎಂದು ನಡುವಿನ ಸಾಲಿನಿಂದ ಯಾರೋ ಅಂದರು. ನಗೆಯೆದ್ದಿತು. ಹಿಂದಿನವರು ಕೆಲವರು ಚಪ್ಪಲಿ ಹುಡುಕತೊಡಗಿದರು.

ಮಾಸ್ತರರು ಅದೇ ಸಾಲನ್ನು ಪೇಟಿಯಲ್ಲಿ ಸುತ್ತಿಸುತ್ತ ಕಣ್ಣೆತ್ತಿದರು. ಧ್ವನಿವರ್ಧಕದ ಮೇಜಿನ ಬಳಿ ಶೇಖಪ್ಪ ಕೈಯೆತ್ತಿದ್ದ. ನಗರದ ಗಾಯಕನೊಬ್ಬ ಹಾಡಿದ ಇದೇ ಪದ ಅಲ್ಲಿ ಸಿದ್ಧವಾಗಿತ್ತು. ಆ ಕೈ ಕೆಳಗಿಳಿದರೆ ಸಾಕು, ಇಲ್ಲಿ ಪೇಟಿಯ ಕತೆ ಮುಗಿಯುತ್ತಿತ್ತು.

ಆಗ ಮುಂದಿನ ಸಾಲಿನಿಂದ ಸಕೀನಾಬಿ ಎದ್ದಳು. ನಲವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ನಿಧಾನವಾಗಿ ರಂಗದಂಚಿಗೆ ಬಂದು, ಸೆರಗಿನ ಗಂಟು ಬಿಚ್ಚಿ ಒಂದು ಚೂರು ಬೆಲ್ಲವನ್ನು ದೊರೆಯ ಕೈಗಿಟ್ಟಳು.

“ದವಡ್ಯಾಗ ಒತ್ತಿ ಇಟ್ಕೋರಿ ಯಪ್ಪಾ. ಬಾಯಿಲೆ ಉಸರು ಎಳೀಬ್ಯಾಡ್ರಿ, ಮೂಗಿಲೆ ಸಣ್ಣಕ ತಗೋರಿ.” ಆಮೇಲೆ ಪೇಟಿಯತ್ತ ತಿರುಗಿದಳು. “ಮಾಸ್ತರ, ಆ ಮನಶ್ಯಾನ್ನ ಎಷ್ಟಂತ ಮ್ಯಾಲೆ ಏರಸ್ತೀರಿ? ನೀವರ ಒಂದೀಟು ಕೆಳಗ ಇಳೀರಲಾ.”

ರುದ್ರಮುನಿಯವರ ಬೆರಳು ನಾಲ್ಕನೆಯ ಕಪ್ಪು ಮನೆಯ ಮೇಲೆಯೇ ಇತ್ತು. ಐವತ್ತು ವರ್ಷ ಅದು ಅಲ್ಲೇ ಬದುಕಿತ್ತು. ಎಷ್ಟೋ ನಾಯಕರಿಗೆ ಎಷ್ಟೋ ಪದ ಕಲಿಸಿದ್ದರು, ಆದರೆ ಈ ಎರಡು ಸಾಲುಗಳ ಅರ್ಥ ಅವರ ಕಿವಿಗೆ ಬಿದ್ದದ್ದು ಆ ಗಳಿಗೆಯಲ್ಲಿ. ಬರಿಗಾಲಲ್ಲಿ ಬಂದು ತನ್ನೂರಿನ ಬಾಗಿಲು ತಟ್ಟುವವನು ಗಟ್ಟಿಯಾಗಿ ಕೂಗುತ್ತಾನೆಯೇ? ತಗ್ಗಿದ ದನಿಯಲ್ಲಲ್ಲವೇ ಅವನು ಕೇಳುವುದು? ಗೋದಾಮಿನ ಘಾಟು ಊರಿನವರ ತಪ್ಪು. ಅಷ್ಟು ದೊಡ್ಡ ಉಸಿರು ಬೇಡಿದ ಶ್ರುತಿ ತಮ್ಮದು.

ಬೆರಳು ಕೆಳಗಿಳಿದು ಕಪ್ಪು ಒಂದಕ್ಕೆ ಸರಿಯಿತು.

ಶಶಿಕಾಂತ ತಟ್ಟನೆ ತಿರುಗಿ ನೋಡಿದ. ಮಾಸ್ತರರು ತಲೆಯಾಡಿಸಿದರು. ಅವನು ಶೇಖಪ್ಪನ ಕಡೆಗೆ ಅಂಗೈ ತೋರಿಸಿ ಬೇಡವೆಂದು ಸನ್ನೆ ಮಾಡಿದ. ಬೆಲ್ಲವನ್ನು ದವಡೆಗೆ ಒತ್ತಿ, ಕಣ್ಣೊರೆಸಿಕೊಂಡು, ಮಾತಾಡುವಷ್ಟೇ ದನಿಯಲ್ಲಿ ಮೊದಲಿಂದ ಹಿಡಿದ. ದನಿ ಮೈಕನ್ನು ದಾಟಿಯೂ ಕಡೆಯ ಸಾಲಿನವರೆಗೆ ಹೋಗಲಿಲ್ಲ. ಕೇಳಿಸುವುದಿಲ್ಲವೆಂದು ಒಬ್ಬ ಗೊಣಗಿದ, ಪಕ್ಕದವನು ಸುಮ್ಮನಾಗಿಸಿದ. ಚಪ್ಪಲಿ ಮೆಟ್ಟಿದ್ದವರು ಅವನ್ನು ಕೈಯಲ್ಲಿ ಹಿಡಿದು ಸದ್ದಾಗದಂತೆ ಮುಂದೆ ಬಂದರು, ಚೀಲಗಳ ಮೇಲೆ ಕುಳಿತರು. ಎತ್ತಿದ ಮೊಬೈಲುಗಳು ಒಂದೊಂದಾಗಿ ಇಳಿದವು. ಅಲ್ಲಲ್ಲಿ ಬಿರಿದಿದ್ದ ಆ ದನಿ ಬಿರುಕುಗಳನ್ನು ಮುಚ್ಚಿಡದೆ ಊರಿನ ಬಾಗಿಲಲ್ಲಿ ನಿಂತಿತ್ತು. ಮಾಸ್ತರರು ಪೇಟಿಯ ತಿದಿಯನ್ನು ಮಗುವಿನ ಬೆನ್ನು ನೇವರಿಸುವಷ್ಟು ಮೆಲ್ಲಗೆ ಒತ್ತುತ್ತಿದ್ದರು.

ಪದ ಮುಗಿಯಿತು. ಆಮೇಲೆ ಎಲ್ಲಿಂದಲೋ “ವನ್ಸ್ ಮೋರ್” ಎಂಬ ಒಂದು ಕೂಗು. ಅದರ ಬೆನ್ನಿಗೆ ನೂರು.

ಶಶಿಕಾಂತ ಗಲಿಬಿಲಿಗೊಂಡ. ತೆರೆಯ ಮೇಲೆ ಅವನನ್ನು ಯಾರೂ ಹೀಗೆ ತಡೆದು ನಿಲ್ಲಿಸಿರಲಿಲ್ಲ. ಪೇಟಿಯ ಕಡೆ ಬಗ್ಗಿ, “ಈಗೇನ್ಮಾಡ್ಲಿ ಮಾಸ್ತರೇ?” ಎಂದ.

“ಹಾಡ್ರಿ. ಕೇಳಿದಷ್ಟು ಸಲ ಹಾಡೂದು ಇಲ್ಲಿ ಪದ್ಧತಿ.”

ಅಷ್ಟರಲ್ಲಿ ಶೇಖಪ್ಪ ಬಾಗಿಕೊಂಡೇ ಬಂದು ಪೇಟಿಯ ಮಗ್ಗುಲಲ್ಲಿ ಕುಕ್ಕರಿಸಿದ. ಮುಂದಿನ ವರ್ಷ ಯಾವ ನಾಟಕ ಹಿಡಿಯೋಣ, ಪದ ಎಷ್ಟಿರಲಿ ಎಂದು ಕಿವಿಯಲ್ಲಿ ಪಿಸುಗುಟ್ಟತೊಡಗಿದ. ರುದ್ರಮುನಿಯವರು ಎಡಗೈಯಿಂದ ಅವನ ಹೆಗಲನ್ನು ಅದುಮಿದರು.

“ಸುಮ್ನ ಕುಂದ್ರೋ ಶೇಖಪ್ಪ,” ಎಂದರು. “ಪದಾ ಸುರು ಆಗೇತಿ.”