ನವೆ ಬಾರದ ಕತ್ತಾಳೆ

ಮಂಗಳವಾರ ಬಾ ಎಂದರೆ ಸೋಮವಾರವೇ ಬಂದು ನಿಲ್ಲುವ ಜಾಯಮಾನ ನಮ್ಮಪ್ಪನದು. ಹಳೇಬೀಡು ರಸ್ತೆಯ ನಮ್ಮ ರೆಸಾರ್ಟಿನಲ್ಲಿ ಕಂಬಗಳಿಗೆ ಸುತ್ತಲು ಕತ್ತಾಳೆ ಹಗ್ಗ ಬೇಕೆಂದು ಮಾಲೀಕ ಚಿದಂಬರ ಸರ್ ಕೇಳಿದಾಗ, ನಮ್ಮಪ್ಪ ಜವರಣ್ಣ ಹೊಸೆಯುತ್ತಾನೆ ಎಂದು ಬಾಯಿ ಬಿಟ್ಟವಳು ನಾನೇ. ಮಂಗಳವಾರ ನನ್ನ ರಜೆ. ಗೇಟಿನಲ್ಲೇ ಹಗ್ಗ ಇಸಿದುಕೊಂಡು ಕಳಿಸಿಬಿಡುವ ಲೆಕ್ಕಾಚಾರ ನನ್ನದು.

ಜ್ಯೂಸ್ ಕೌಂಟರಿನಲ್ಲಿ ಕೆಲಸ ಎಂದು ಮನೆಯಲ್ಲಿ ಹೇಳಿದ್ದೆ. ದೊಡ್ಡಪ್ಪ ಸಾರಾಯಿ ಕುಡಿದೇ ಹೋದ ಮೇಲೆ ನಮ್ಮಲ್ಲಿ ಬಾಟಲಿಯ ಮಾತೆತ್ತುವಂತಿಲ್ಲ. ನಾನು ಬಾರಿನಲ್ಲಿದ್ದೇನೆಂದು ಗೊತ್ತಾದರೆ ಅಪ್ಪ ಅವತ್ತೇ ಗಂಟುಮೂಟೆ ಕಟ್ಟಿಸುತ್ತಾನೆ. ನನಗೋ ಈ ಕೆಲಸವೆಂದರೆ ಪ್ರಾಣ.

ಆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಜಿನ ಮೇಲೆ ಎರಡು ಬಾಟಲಿ ಬ್ಲಾಂಕೋ ಟಕೀಲಾ ಇದ್ದವು. ಬ್ಲಾಂಕೋ ಎಂದರೆ ಮರದ ಪೀಪಾಯಿಯಲ್ಲಿ ಮಾಗಿಸದ್ದು, ನೀರಿನಷ್ಟು ತಿಳಿ. ಅವುಗಳಲ್ಲಿ ಒಂದನ್ನು ನಮ್ಮ ಬಾರಿಗೆ ನಾನು ಆರಿಸಬೇಕಿತ್ತು. ಒಂದನೆಯದಕ್ಕೆ ಗಾಜಿನ ಮುಚ್ಚಳ, ಬಂಗಾರದ ಅಕ್ಷರ. ಸರ್ ಮನಸ್ಸು ಅದರ ಮೇಲೇ ಇತ್ತು. ಮೂಗಿಗೆ ಹಿಡಿದರೆ ವೆನಿಲಾ, ಬಾಯಿಗೆ ಬಿಟ್ಟರೆ ಸಕ್ಕರೆ. ಎರಡನೆಯದರಲ್ಲಿ ಮೊದಲು ಕೆಂಡದಲ್ಲಿ ಸುಟ್ಟ ಗೆಣಸು, ಆಮೇಲೆ ಹಸಿ ಹುಲ್ಲು, ನುಂಗಿದ ಮೇಲೆ ನಾಲಿಗೆಯ ಅಂಚಿಗೆ ಕರಿಮೆಣಸು. ಹಾಗೇ ಗುಟುಕು ಗುಟುಕಾಗಿ ನೋಡಿದ ಮೇಲೆ ಎರಡರಲ್ಲೂ ನಿಂಬೆರಸ ಬೆರೆಸುವ ಮಾರ್ಗರೀಟಾ ಮಾಡಿದೆ. ನಿಂಬೆಹುಳಿ ಬಿದ್ದದ್ದೇ ಒಂದನೆಯದು ಬರೀ ಪಾನಕವಾಗಿಹೋಯಿತು. ಎರಡನೆಯದು ಹುಳಿಗೂ ಲೋಟದ ಕಂಠದ ಉಪ್ಪಿಗೂ ಜಗ್ಗಲಿಲ್ಲ. ಎಳನೀರಿಗೆ ಬೆರೆಸಿದರೂ ಅಷ್ಟೇ.

"ಎರಡನೇದೇ ಸರ್," ಎಂದೆ.

"ಗೆಸ್ಟುಗಳಿಗೆ ಸ್ವೀಟು ಬೇಕಮ್ಮ. ಇದು ಖಾರ," ಎಂದು ಅವರು ಮುಖ ಹಿಂಡಿದರು.

"ಏನವ್ವಾ ಅದು?"

ತಿರುಗಿದರೆ ಬಾಗಿಲಲ್ಲಿ ಹೆಗಲ ಮೇಲೆ ಹಗ್ಗ ಹೊತ್ತ ಅಪ್ಪ. ನನ್ನ ಕೈಯಲ್ಲಿ ಲೋಟ. ಇನ್ನೊಂದು ಸುಳ್ಳಿಗೆ ಬಾಯಿ ಏಳಲಿಲ್ಲ.

"ಹೆಂಡ ಕಣಪ್ಪ. ನಾನಿಲ್ಲಿ ಬೆರೆಸಿ ಕೊಡೋದು ಇದನ್ನೇ. ಜ್ಯೂಸ್ ಅಂತ ಸುಳ್ಳು ಹೇಳಿದ್ದೆ."

ಅಪ್ಪನ ಮುಖ ಕಪ್ಪಿಟ್ಟಿತು. ಒಳಗಿನ ಕಥೆ ಗೊತ್ತಿಲ್ಲದ ಚಿದಂಬರ ಸರ್, "ಬನ್ನಿ ಯಜಮಾನ್ರೇ! ಇದೂ ಕತ್ತಾಳೇದೇ. ಮೆಕ್ಸಿಕೋ ದೇಶದ್ದು," ಎಂದರು.

"ತಮಾಸೆ ಮಾಡ್ಬ್ಯಾಡಿ ಸಾಮಿ. ಕತ್ತಾಳೆ ರಸ ಕುಡುದ್ರೆ ಗಂಟ್ಲು ನವೆ ಎದ್ದು ಸಾಯ್ತಾರೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಎಲೆಯನ್ನು ಕೆರೆಯಲ್ಲಿ ಕೊಳೆಸಿ, ಬಡಿದು, ನಾರು ತೆಗೆದ ಕೈಗಳವು. ಅಪ್ಪ ಅವ್ವ ಮೈ ಪರಚಿಕೊಳ್ಳುವುದನ್ನು ನೋಡಿಯೇ ನಾನು ಬೆಳೆದೆ. ಕೊಳೆತ ನಾರಿನ ನಾತಕ್ಕೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು.

ಕತ್ತಾಳೆಯ ಮಾತು ಕೇಳಿ ತಡೆಯಲಾರದೆ ಅಪ್ಪ ಹತ್ತಿರ ಬಂದು ಎಡಗೈ ಚಾಚಿದ. "ಒಂದು ತೊಟ್ಟು ಬಿಡು, ನೋಡಾನ. ಹರಳೆಣ್ಣೆ ಐತಾ?"

ಅಂಗೈಗೆ ಹರಳೆಣ್ಣೆ ಸವರದೆ ನಮ್ಮವರು ಕತ್ತಾಳೆ ಮುಟ್ಟುವುದಿಲ್ಲ. ಬಾರಿನಲ್ಲಿ ಎಲ್ಲಿಯ ಹರಳೆಣ್ಣೆ!

"ಏನೂ ಆಗಲ್ಲಪ್ಪ, ನನ್ನ ನಂಬು," ಎಂದೆ. ಆಗಷ್ಟೇ ಸುಳ್ಳು ಒಪ್ಪಿಕೊಂಡವಳ ಮಾತಾದರೂ ಅವನು ಕೈ ಹಿಂತೆಗೆಯಲಿಲ್ಲ. ಎರಡನೆಯ ಬಾಟಲಿಯಿಂದ ಒಂದು ತೊಟ್ಟು ಬಿಟ್ಟೆ.

ನವೆ ಏಳುವುದನ್ನು ಕಾಯುತ್ತ ಅಂಗೈಯನ್ನೇ ನೋಡುತ್ತ ನಿಂತ. ಏಳಲಿಲ್ಲ. ಮೂಗಿಗೆ ತಂದು ಕಣ್ಣು ಮುಚ್ಚಿದ.

"ಕತ್ತಾಳೆ ಬೇಲಿಗೆ ಬೆಂಕಿ ಬಿದ್ದಾಗ ಇಂಗೇ ವಾಸ್ನೆ ಬಂದಿತ್ತು ಕಣವ್ವ." ಒಂದನೆಯ ಲೋಟ ಮೂಸಿ ಪಕ್ಕಕ್ಕೆ ತಳ್ಳಿದ. "ಇದು ಮಿಠಾಯಿ. ಕತ್ತಾಳೆ ಅದು."

ಎರಡು ವರ್ಷ ಓದಿ, ಮೂಗು ಪಳಗಿಸಿ ನಾನು ಹಿಡಿದದ್ದನ್ನು ಅವನು ಒಂದೇ ಉಸಿರಿಗೆ ಹಿಡಿದಿದ್ದ. ಗಿಡದ ನಡುವಿನ ಗಡ್ಡೆಯನ್ನು ಅಲ್ಲಿಯವರು ದಿನಗಟ್ಟಲೆ ಬೇಯಿಸಿ, ಹಿಂಡಿ, ಭಟ್ಟಿ ಇಳಿಸುತ್ತಾರೆ ಎಂದು ಹೇಳಿದೆ. ಅಪ್ಪ ಬೆರಗಾಗಿ ಕೇಳುತ್ತಿದ್ದ.

"ನಲವತ್ತು ವರ್ಸ ನಾನೂ ನಿಮ್ಮವ್ವನೂ ಇದನ್ನ ಕೊಳೆಸ್ದೋ," ಎಂದ. "ಅವರು ಬೇಯ್ಸವ್ರೆ ನೋಡು!"

ಚಿದಂಬರ ಸರ್ ಎರಡನೆಯ ಬಾಟಲಿಯನ್ನು ನನ್ನ ಕಡೆ ಸರಿಸಿದರು.

ಊಟಕ್ಕೆ ಕರೆದಾಗ ಅಪ್ಪ ಬಲಗೈ ಮಾತ್ರ ತೊಳೆದ.

"ಆ ಕೈ?"

"ಇರ್ಲಿ ಬಿಡು. ನಿಮ್ಮವ್ವಂಗೆ ಮೂಸುಸ್ಬೇಕು. ಮಗ್ಳು ಏನು ಕೆಲ್ಸ ಮಾಡ್ತಾಳೆ ಅಂತ ಅವಳ್ಗೂ ಗೊತ್ತಾಗ್ಲಿ."

ಎಡಗೈ ಮುಷ್ಟಿ ಬಿಗಿಹಿಡಿದೇ ಬಸ್ಸು ಹತ್ತಿದ. ನಮ್ಮೂರು ಕಣಕಟ್ಟೆ ಮುಟ್ಟುವಷ್ಟರಲ್ಲಿ ವಾಸನೆ ಹಾರಿಹೋಗಿರುತ್ತದೆ ಎಂದು ನಾನು ಹೇಳಲಿಲ್ಲ.