ಒಂದು ಗೇಣು

ಬೆಳಿಗ್ಗೆಯಿಂದ ಮೂರು ಸಲ ದೇವರ ಮುಂದೆ ಕೂತೆ; ಮೂರು ಸಲವೂ ಅರ್ಧಕ್ಕೇ ಎದ್ದೆ. ಹೆಂಡತಿ ತೀರಿಕೊಂಡು ಇಪ್ಪತ್ತು ದಿನ. ಅವಳ ಮಂಚದ ಕಾಲಿಗೆ ಕೊಟ್ಟ ಇಟ್ಟಿಗೆಗಳು ಇನ್ನೂ ಹಾಗೆಯೇ ಇವೆ.

"ಏನಪ್ಪಾ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀರಿ?" ಎಂದಳು ಮಗಳು. "ಸಮಿತಿ ಮುಂದೆ ಪುಸ್ತಕದ ಕೈಬರಹ ನಂದೇ ಅಂತ ಒಂದು ಮಾತು ಹೇಳಿ ಬಂದ್ರೆ ಆಯ್ತಲ್ಲ."

ಮೂವತ್ತೊಂದು ವರ್ಷ ನಾನು ಬಂದರಿನಲ್ಲಿ ಸಮುದ್ರದ ಮಟ್ಟ ಬರೆದವನು. ಕಟ್ಟೆಗೆ ಬಿಗಿದ ಅಳತೆಪಟ್ಟಿಯಲ್ಲಿ ನೀರು ಎಲ್ಲಿ ನಿಂತಿದೆಯೆಂದು ದಿನಕ್ಕೆ ಎರಡು ಬಾರಿ ನೋಡಿ ಪುಸ್ತಕಕ್ಕೆ ಏರಿಸಬೇಕು. "ಏನು ಅಳತೆಯಪ್ಪ, ಇವತ್ತು ಸಮುದ್ರ ಸ್ವಲ್ಪ ಜಾಸ್ತಿ ಕುಡಿದ ಹಾಗಿದೆ?" ಎಂದು ಹಮಾಲರು ನಗುತ್ತಿದ್ದರು.

ಭೂಮಿ ಬಿಸಿಯೇರಿ ಸಮುದ್ರ ಏರುತ್ತಿದೆ ಎಂಬ ಮಾತಿಗೆ ದೇಶ ಕೂಡಲೇ ಏನಾದರೂ ಮಾಡಬೇಕೇ, ಕಾದು ನೋಡಬೇಕೇ ಎಂದು ವಿಚಾರಿಸಲು ಸಮಿತಿಯೊಂದು ಬಂದಿತ್ತು. ಅವರ ಕೈಯಲ್ಲಿ ನನ್ನ ಪುಸ್ತಕ. ಅದರ ಪ್ರಕಾರ ಸಮುದ್ರ ಏರಿದ್ದೇ ಇಲ್ಲ.

"ಆ ಪುಸ್ತಕ ಸುಳ್ಳು, ಮಗಾ" ಎಂದೆ ಮಗಳಿಗೆ.

ಕೆಲಸದ ಹನ್ನೆರಡನೆಯ ವರ್ಷ ಕಟ್ಟೆ ರಿಪೇರಿಯಾದಾಗ, ಪಟ್ಟಿಯ ಕೆಳಗಿನ ಅಂಕಿಗಳಿಗೆ ಪಾಚಿ ಹಿಡಿದು ಕಾಣುವುದಿಲ್ಲವೆಂದು, ಗಾರೆಯವನಿಗೆ ಹೇಳಿ ಅದನ್ನು ಒಂದು ಗೇಣು ಮೇಲಕ್ಕೆ ಹೊಡೆಸಿದ್ದೆ. ಪುಸ್ತಕದಲ್ಲಿ ನಮೂದಿಸಬೇಕಿತ್ತು. ನಾಳೆ ಬರೆದರಾಯಿತು ಎಂದುಕೊಂಡೆ. ಮರೆತೇಹೋಯಿತು. ಅಂದಿನಿಂದ ನಾನು ಬರೆದ ಸಮುದ್ರವೆಲ್ಲ ಒಂದು ಗೇಣು ಗಿಡ್ಡ.

ಈಚೆಗೆ ಸಮುದ್ರ ಉಕ್ಕಿದಾಗ ಮಗಳು ಅಮ್ಮನನ್ನು ಬೇರೆಡೆಗೆ ಸಾಗಿಸೋಣ ಎಂದಳು. ಹೆಂಡತಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. "ಬೇಡ, ನನ್ನ ಪುಸ್ತಕ ಸುಳ್ಳು ಹೇಳಲ್ಲ" ಎಂದು ಅದರ ಲೆಕ್ಕಕ್ಕೆ ತಕ್ಕಂತೆ ಮಂಚಕ್ಕೆ ಇಟ್ಟಿಗೆ ಕೊಟ್ಟೆ. ರಾತ್ರಿ ನಾವು ಎಚ್ಚರಗೊಳ್ಳುವಷ್ಟರಲ್ಲಿ ನೀರು ಹಾಸಿಗೆಯ ಮೇಲಕ್ಕೆ ಬಂದಿತ್ತು. ದಿಂಬಿಗೆ ಒರಗಿದ್ದಂತೆಯೇ ತಣ್ಣಗೆ ನೆನೆದವಳು ಮೂರನೆಯ ದಿನಕ್ಕೆ ಹೋದಳು. ಆಮೇಲೆ ಗೋಡೆಯಲ್ಲಿ ನೀರು ಬಿಟ್ಟ ಕಲೆಗೆ ಕೈಯಿಟ್ಟು ಅಳೆದೆ. ಹಾಸಿಗೆಗಿಂತ ಸರಿಯಾಗಿ ಒಂದು ಗೇಣು ಮೇಲೆ. ಗಾರೆಯವನು ನೆನಪಾದದ್ದು ಆಗ.

ಇದನ್ನೆಲ್ಲ ಮಗಳಿಗೆ ಹೇಳಿದೆ. "ಈಗ ಹೇಳಿದ್ರೆ ಅಮ್ಮ ಎದ್ದು ಬರ್ತಾಳಾ? ಜನ ನಿಮ್ಮ ಮುಖಕ್ಕೆ ಉಗೀತಾರೆ, ಅಷ್ಟೇ" ಎಂದಳು. ಆದರೂ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟಳು.

ಸಭೆಯಲ್ಲಿ ಅಧ್ಯಕ್ಷರು ಪುಸ್ತಕ ತೋರಿಸಿದರು. "ಹಿರಿಯರೇ, ಇದು ನಿಮ್ಮ ಬರಹ ತಾನೆ?"

"ಬರಹ ನನ್ನದು ಸ್ವಾಮಿ. ಅಳತೆ ತಪ್ಪು." ಎಲ್ಲವನ್ನೂ ಹೇಳಿದೆ.

"ಎಷ್ಟು ತಪ್ಪು?"

ಹೆಬ್ಬೆರಳು, ಕಿರುಬೆರಳು ಅಗಲಿಸಿ ಕೈ ಎತ್ತಿದೆ.

ಅವರು ನಕ್ಕರು. "ಇಷ್ಟೇನಾ! ಮುಂದಿನ ವರ್ಷ ಇನ್ನೊಮ್ಮೆ ಅಳೆಸಿದ್ರಾಯ್ತು ಬಿಡಿ. ಸಮುದ್ರ ಎಲ್ಲಿಗೆ ಓಡಿ ಹೋಗುತ್ತೆ?" ಮುಂದಿನ ಸಾಲೂ ನಕ್ಕಿತು.

"ನಾಳೆ ಅಂದದ್ದೇ ನಾನು ಮಾಡಿದ ಪಾಪ" ಎಂದೆ. ಎತ್ತಿದ ಕೈ ಇಳಿಸಲಿಲ್ಲ. "ಈಗಲೇ ಬರೆಸಿ ಸ್ವಾಮಿ. ಬರೆಯುವವರೆಗೆ ನಾನು ಕೂರೋದಿಲ್ಲ."

ಹಿಂದಿನ ಬೆಂಚಿನಿಂದ ಮಗಳ ದನಿ ಬಂತು. "ಬರ್ಕೊಳ್ಳಿ ಸಾರ್. ಅಷ್ಟೇ ನೀರಲ್ಲಿ ನಮ್ಮಮ್ಮ ಮಲಗಿದ್ದಳು."

ನಗು ನಿಂತಿತು. ಗುಮಾಸ್ತ ಅಧ್ಯಕ್ಷರ ಮುಖ ನೋಡಿದ, ನನ್ನ ಕೈ ನೋಡಿದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದ.