ಮೂರನೇ ತಿರುವಿನ ಕೈ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುವುದರಲ್ಲೇ ನನ್ನ ಅರ್ಧ ನೋಟ್‌ಬುಕ್ ಮುಗಿದಿದೆ. ಕತ್ತಲೆಯಿಂದ ಶುರು ಮಾಡಿದರೆ ನೀವು ದೆವ್ವದ ಕಥೆ ಅಂದುಕೊಳ್ಳುತ್ತೀರಿ. ಕೈಯಿಂದ ಶುರು ಮಾಡಿದರೆ ಪ್ರೇಮಕಥೆ ಅನ್ನುತ್ತೀರಿ. ಅದಿರಿನ ಲಾರಿಯಿಂದ ಶುರು ಮಾಡಿದರೆ, ಓ, ಗಣಿಯ ಬಗ್ಗೆ ಲೇಖನ ಎಂದು ಪುಟ ತಿರುಗಿಸುತ್ತೀರಿ. (ತಿರುಗಿಸಬೇಡಿ. ಇದರಲ್ಲಿ ಲಾರಿ ಒಂದೇ ಒಂದು, ಅದೂ ಗ್ಯಾರೇಜಿನಲ್ಲಿ ನಿಂತಿರುತ್ತದೆ.)

ಮೊದಲ ಡ್ರಾಫ್ಟಿನ ಮೊದಲ ಸಾಲು: "ಹೊಸಪೇಟೆಯ ಆಕಾಶ ಕೆಂಪಾಗಿತ್ತು." ಹರಿದು ಹಾಕಿದೆ. ಎರಡು ಸಾವಿರದ ಆರರಲ್ಲಿ ನಮ್ಮೂರಲ್ಲಿ ಒಣಹಾಕಿದ ಪಂಚೆ, ಬೇವಿನ ಎಲೆ, ಬಿಳಿ ಅಂಬಾಸಿಡರ್ ಎಲ್ಲವೂ ಕೆಂಪಾಗಿದ್ದವು. ಪಾಪ, ಆಕಾಶವೊಂದನ್ನೇ ಹೆಸರು ಹಿಡಿದು ಹೇಳುವುದು ಸರಿಯಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ಇದು ಗಾದಿಗನೂರಿನ ವಿರುಪಮ್ಮನ ಕಥೆ. ಆಕೆಯ ಕೆಲಸ ತೆಗೆಸಿದವನು ನಾನು.

೨

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಜಡೆಪ್ಪನವರ ಭತ್ತದ ಗೋದಾಮು ಇತ್ತು. ಅವರ ಅಕ್ಕಿ ಮಿಲ್ಲು ಕಂಪ್ಲಿಗೆ ಸ್ಥಳಾಂತರವಾದ ಮೇಲೆ ಗೋದಾಮು ಖಾಲಿ ಬಿತ್ತು. ಒಳಗೆ ಮೂಟೆ ಸಾಗಿಸುವ ಸಣ್ಣ ಹಳಿ, ಐದು ಟ್ರಾಲಿ ಉಳಿದವು. ಎಂಬತ್ತಾರರಲ್ಲಿ ಜಡೆಪ್ಪ, ಮುಂಬಯಿಯ ಯಾವುದೋ ಎಕ್ಸಿಬಿಷನ್ನಿನಲ್ಲಿ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಟ್ರಾಲಿಗಳಿಗೆ ಬೆಂಚು ಕೂಡಿಸಿದರು, ಕಿಟಕಿಗಳನ್ನು ಮುಚ್ಚಿಸಿದರು, ಹೊರಗೆ 'ಭೂತದ ಗವಿ' ಎಂದು ಬೋರ್ಡು ಬರೆಸಿದರು. ಹಂಪಿ ನೋಡಿ ಬಂದವರು ಇಲ್ಲಿ ಇಳಿದು, ಕತ್ತಲೆಯಲ್ಲಿ ಒಂದು ಸುತ್ತು ಹೊಡೆದು, ಕಿರುಚಿ, ನಕ್ಕು, ಕಬ್ಬಿನ ಹಾಲು ಕುಡಿದು ಹೋಗುತ್ತಿದ್ದರು.

ಒಳಗಿನ ಭೂತಗಳನ್ನೆಲ್ಲ ಮಾಡಿದವನು ಮೂಕಣ್ಣ ಎಂಬ ಮೆಕ್ಯಾನಿಕ್. ಅವನ ಹೆಣ ಎದ್ದು ಕೂರುತ್ತಿದ್ದುದು ಲಾರಿಯ ವೈಪರ್ ಮೋಟಾರಿನಿಂದ. ರಾಕ್ಷಸನ ಕಣ್ಣು ಬಸ್ಸಿನ ಇಂಡಿಕೇಟರ್.

ಮೂರನೇ ತಿರುವಿನಲ್ಲಿ ಮಾತ್ರ ಮೋಟಾರು ಇರಲಿಲ್ಲ. ಅಲ್ಲಿ ಕಪ್ಪು ಪರದೆಯ ಹಿಂದೆ, ಸ್ಟೂಲಿನ ಮೇಲೆ, ನೀರಿನ ಬಕೆಟ್ ಇಟ್ಟುಕೊಂಡು ವಿರುಪಮ್ಮ ಕೂತಿರುತ್ತಿದ್ದಳು. ಟ್ರಾಲಿ ಬಂದಾಗ ಒದ್ದೆ ಕೈಯನ್ನು ಕೂತವರ ಕುತ್ತಿಗೆಯ ಮೇಲಿಡುವುದು ಆಕೆಯ ಕೆಲಸ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ ಆಕೆ, ತಂಗಿ ತಾಯಕ್ಕನ ಮನೆಯಲ್ಲಿದ್ದುಕೊಂಡು ಬಸ್ಸಿನಲ್ಲಿ ಓಡಾಡುತ್ತ, ಇಪ್ಪತ್ತು ವರ್ಷ ಆ ಕೆಲಸ ಮಾಡಿದಳು. ಗವಿಯಲ್ಲಿ ಜನ ನಿಜವಾಗಿ ಕಿರುಚುತ್ತಿದ್ದುದು ಅಲ್ಲೊಂದೇ ಕಡೆ.

೩

(ಈಗ ನಾನು ಬರುತ್ತೇನೆ. ಲೇಖಕ ತನ್ನ ಕಥೆಯಲ್ಲಿ ತಾನೇ ಕಾಣಿಸಿಕೊಂಡರೆ ಫ್ಯಾಶನ್ ಎನ್ನುತ್ತಾರೆ. ನನ್ನದು ಫ್ಯಾಶನ್ ಅಲ್ಲ, ಹಾಜರಿ.)

ಆಗ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಅರ್ಜಿ, ತಿಥಿ ಕಾರ್ಡು. ಸಂಜೆ ಹೊತ್ತು ಕಥೆ. ಜಡೆಪ್ಪನವರ ಮಗ ಈಶ್ವರ್ ಒಂದು ದಿನ ಬಂದು ಕುರ್ಚಿ ಎಳೆದುಕೊಂಡ.

"ಗಣಿಯವರ ಮಕ್ಳು ಈಗ ಸಿಂಗಾಪುರ ನೋಡಿ ಬರ್ತಾವ್ರಿ. ನಮ್ಮ ಗವಿಯೊಳಗ ಕುಂತು ನಗ್ತಾವು. ಹೆಣಕ್ಕ ವೈಪರ್ ಮೋಟಾರ್ ಐತಿ ಅಂತ ಸಣ್ಣ ಹುಡುಗ್ರಿಗೂ ಗೊತ್ತಾಗೇತಿ. ಚೆನ್ನೈಯಿಂದ ಎಂಜಿನಿಯರ್ ಬರ್ತಾನ. ಫಾಗ್, ಲೇಸರ್, ಸೆನ್ಸರ್ ಎಲ್ಲಾ ಹಾಕಸ್ತೀನಿ. ನೀವೊಂದು ಸ್ಟೋರಿ ಬರದು ಕೊಡ್ರಿ."

ಬರೆದೆ. ಶಾಪಗ್ರಸ್ತ ರಾಣಿ, ಏಳು ಬಾಗಿಲು, ನಿಧಿ. (ದಯವಿಟ್ಟು ಆ ಕಥೆ ಕೇಳಬೇಡಿ.) ರೆಕಾರ್ಡಿಂಗಿಗೆ ನನ್ನದೇ ಧ್ವನಿ ಕೊಟ್ಟೆ. ಆಮೇಲೆ ಎಂಜಿನಿಯರ್ ಜೊತೆ ಒಳಗೆ ಹೋಗಿ ಒಂದೊಂದು ತಿರುವಿಗೂ ಪಟ್ಟಿ ಮಾಡಿದೆವು. ಮೂರನೇ ತಿರುವು ಬಂದಾಗ ಅವನು ಪೆನ್ನು ಹಿಡಿದು ನನ್ನ ಮುಖ ನೋಡಿದ.

"ಮನುಷ್ಯರ ಕೈ ಒಂದೊಂದು ಸಲ ತಡವಾಗುತ್ತೆ," ಎಂದೆ ನಾನು. "ರಬ್ಬರ್ ಕೈ ಹಾಕಿ. ಗಾಳಿಯಿಂದ ಬರಲಿ. ಟೈಮಿಂಗ್ ಮುಖ್ಯ."

ಪರದೆಯ ಹಿಂದೆ ಬಕೆಟ್ಟಿನ ನೀರು ಅಲುಗಿದ ಸದ್ದಾಯಿತು. ಆಕೆ ಅಲ್ಲೇ ಕೂತಿದ್ದಾಳೆ ಎಂಬುದು ನನಗೆ ಹೊಳೆದಿರಲಿಲ್ಲ.

೪

ಮುಂದಿನದು ನನಗೆ ಗೊತ್ತಾದದ್ದು ಮೂರು ವರ್ಷದ ಮೇಲೆ, ಎರಡು ಸಾವಿರದ ಒಂಬತ್ತರಲ್ಲಿ. ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಅರ್ಜಿ ಟೈಪ್ ಮಾಡಿಸಲು ವಿರುಪಮ್ಮ ನನ್ನ ಅಂಗಡಿಗೆ ಬಂದಳು. ಹೆಸರು, ಊರು, ವಯಸ್ಸು ಐವತ್ತೊಂದು. 'ಅನುಭವ' ಎಂಬ ಜಾಗ ಬಂತು.

"ಇಪ್ಪತ್ ವರ್ಷ ಅಂತ ಬರೀರಿ ಸಾರ್."

"ಏನು ಕೆಲಸ ಅಂತ ಬರೀಲಿ?"

"ಕೈ ಇಡಾದು ಅಂತ ಬರದ್ರ ನಗ್ತಾರ," ಎಂದಳು. ಆಮೇಲೆ, ಕರೆಂಟು ಹೋಗಿ ಬರುವಷ್ಟು ಹೊತ್ತಿನಲ್ಲಿ, ಹೇಳಿದಳು.

೫

ಎರಡು ಸಾವಿರದ ಐದರ ಒಂದು ಗುರುವಾರ, ಮಧ್ಯಾಹ್ನ ನಾಲ್ಕರ ಸುಮಾರು. ಕೊನೆಯ ಟ್ರಾಲಿಯಲ್ಲಿ ಒಬ್ಬನೇ ಒಬ್ಬ ಗಂಡಸು. ಕತ್ತಲೆಯಲ್ಲಿ ಮುಖ ಕಾಣದು. ಆಕೆ ಎಂದಿನಂತೆ ಕುತ್ತಿಗೆಯ ಮೇಲೆ ಕೈಯಿಟ್ಟಳು. ಅವನು ಕಿರುಚಲಿಲ್ಲ. ತನ್ನ ಕೈಯೆತ್ತಿ ಆ ಕೈಯ ಮೇಲಿಟ್ಟು, "ಭಾಳ ತಣ್ಣಗೈತಿ," ಎಂದ. ಟ್ರಾಲಿ ಮುಂದೆ ಹೋಯಿತು. ಹೊರಗೆ ಬಂದು ನೋಡಿಕೊಂಡರೆ ಆಕೆಯ ಕೈಗೆ ಅದಿರಿನ ಕೆಂಪು ಹತ್ತಿತ್ತು.

ಪಕ್ಕದಲ್ಲೊಂದು ಗ್ಯಾರೇಜಿತ್ತು. ಗುರುವಾರ ಗುರುವಾರ ಅಲ್ಲಿ ಲಾರಿಗೆ ಗ್ರೀಸು ಹೊಡೆಸುವಾಗ ಅವನು ಗವಿಗೆ ಬರುತ್ತಿದ್ದ. ತಿರುವು ದಾಟಲು ಟ್ರಾಲಿಗೆ ಬೇಕಾಗುತ್ತಿದ್ದುದು ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ಒಬ್ಬರು ಒಂದು ಮಾತು ಆಡಬಹುದು. ಉತ್ತರ ಬೇಕಾದರೆ ಮುಂದಿನ ಗುರುವಾರ.

ಒಂದು ವಾರ ಅವನು: "ಥಂಡಿ ಹತ್ತಂಗಿಲ್ಲೇನ್ರಿ?"

ಮುಂದಿನ ವಾರ ಆಕೆ: "ರೂಢಿ ಆಗೇತ್ರಿ."

ಅದರ ಮುಂದಿನ ವಾರ: "ಯಾ ಊರು ನಿಮ್ದು?"

"ಗಾದಿಗನೂರು. ನಿಮ್ದು?"

"ಬಂಡ್ರಿ."

ಆ ಊರಿನ ಹೆಸರು ಕೇಳಲು ಆಕೆ ಏಳು ದಿನ ಕಾದಿದ್ದಳು. ಕೇಳಿದ ಮೇಲೆ ಏಳು ದಿನ ಅದನ್ನೇ ಇಟ್ಟುಕೊಂಡು ಓಡಾಡಿದಳು. ಒಂದು ಗುರುವಾರ ಅವನು ಬರಲಿಲ್ಲ. ಮುಂದಿನ ವಾರ ಆಕೆ ಕೇಳಿದಳು: "ಹೋದ ವಾರ ಬರ್ಲಿಲ್ಲ?" ಅದಕ್ಕೆ ಮತ್ತೊಂದು ವಾರ ಬಿಟ್ಟು ಉತ್ತರ ಬಂತು: "ಲೋಡ್ ತಗೊಂಡು ಬಂದರಿಗೆ ಹೋಗಿದ್ದೆ. ಸಮುದ್ರದಾಗ ಕಾಲಿಟ್ಟೆ. ಈ ಕೈ ನೆನಪಾತು."

ವಿರುಪಮ್ಮ ಸಮುದ್ರ ನೋಡಿಲ್ಲ. ಡ್ಯಾಮಿನ ನೀರು ನೋಡಿದ್ದಾಳೆ. ಆ ಭಾನುವಾರ ಡ್ಯಾಮಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು, ಪಾದ ಮುಳುಗಿಸಿ ಬಂದಳಂತೆ.

ಒಂದೂವರೆ ವರ್ಷ ಹೀಗೆ. ಹೆಸರು ಇಬ್ಬರೂ ಕೇಳಲಿಲ್ಲ. ಹೆಸರಿಗೊಂದು ವಾರ ಯಾಕೆ ದಂಡ ಮಾಡುವುದು ಅನ್ನಿಸಿತು ಎಂದಳು. (ನಾನು ಅವನಿಗೆ ಭರಮಣ್ಣ ಎಂದು ಹೆಸರಿಟ್ಟಿದ್ದೆ. ಓದಿ ಹೇಳಿದಾಗ ಆಕೆ ತಲೆ ಅಲ್ಲಾಡಿಸಿದಳು. "ಆ ಹೆಸ್ರಿನ ದನಿ ಅಲ್ಲ ಸಾರ್ ಅದು." ಹೊಡೆದು ಹಾಕಿದ್ದೇನೆ. ಲೇಖಕನಿಗೆ ಇರುವ ಅಧಿಕಾರ ಇಷ್ಟೇ.)

ಕೊನೆಗೊಂದು ಗುರುವಾರ ಅವನು ಕೇಳಿದ: "ಹೊರಗ ಸಿಕ್ರ ಗುರುತು ಹೆಂಗ ಹಿಡೀಲಿ?"

ಆಕೆ ಉತ್ತರ ಕೂಡಿಸಿಟ್ಟುಕೊಂಡಳು. ಬಲಗೈ ಮೇಲೆ ಹಚ್ಚೆ ಐತಿ, ಚೇಳಿಂದು, ಟಿಕೆಟ್ ಕಿಂಡಿ ಹತ್ರ ನಿಂತಿರ್ತೀನಿ. ನಾಲ್ಕು ಸೆಕೆಂಡಿನಲ್ಲಿ ಹೇಳಿ ಮುಗಿಸಲು ಮನೆಯಲ್ಲಿ ಒಲೆ ಮುಂದೆ ಕೂತು ಹೇಳಿ ಹೇಳಿ ನೋಡಿದಳು. ಗುರುವಾರಕ್ಕೆ ಎರಡು ದಿನ ಮೊದಲು ಗೋದಾಮಿಗೆ ಬೀಗ ಬಿತ್ತು. ನನ್ನ ಏಳು ಬಾಗಿಲಿನ ಕೆಲಸ ಶುರುವಾಗಿತ್ತು.

೬

ಮೂರು ತಿಂಗಳ ಮೇಲೆ ಗವಿ ತೆರೆಯಿತು. ಬಾಗಿಲಲ್ಲೇ ಹೊಗೆ, ನೀಲಿ ಬೆಳಕು, ನನ್ನ ಧ್ವನಿ. ಈಶ್ವರ್ ಕೆಟ್ಟವನಲ್ಲ, ವಿರುಪಮ್ಮನನ್ನು ಬಿಡಿಸಲಿಲ್ಲ, ಟಿಕೆಟ್ ಹರಿಯಲು ಹೊರಗೆ ನಿಲ್ಲಿಸಿದ. ಯೂನಿಫಾರ್ಮ್ ಕೊಟ್ಟ: ಸೀರೆಯ ಮೇಲೆ ತುಂಬುತೋಳಿನ ಕರಿ ಅಂಗಿ, ಎದೆಯ ಮೇಲೆ ಎಲುಬಿನ ಚಿತ್ರ.

ಎರಡನೇ ಗುರುವಾರ ನಾನೂ ಅಲ್ಲಿದ್ದೆ, ಸೌಂಡ್ ಸರಿ ಕೇಳಿಸುತ್ತದೆಯೇ ಎಂದು ನೋಡಲು. ನಾಲ್ಕು ಗಂಟೆಗೆ ಒಳಗಿನಿಂದ ಅಲಾರಂ ಹೊಡೆಯಿತು. ಟ್ರಾಲಿಗಳು ನಿಂತವು. ಇಡೀ ಗೋದಾಮಿನ ಟ್ಯೂಬ್‌ಲೈಟುಗಳು ಒಮ್ಮೆಗೇ ಹತ್ತಿಕೊಂಡವು. ನಾವೆಲ್ಲ ಒಳಗೆ ಓಡಿದೆವು. ಮೂರನೇ ತಿರುವಿನಲ್ಲಿ ಒಬ್ಬ ಡ್ರೈವರ್ ಕೂತಿದ್ದ. ಅವನ ಎರಡೂ ಕೈಯೊಳಗೆ ಕಿತ್ತುಬಂದ ರಬ್ಬರ್ ಕೈ ಇತ್ತು. ಪೈಪಿನಿಂದ ಗಾಳಿ ಸುಸ್ಸೆಂದು ಹೋಗುತ್ತಿತ್ತು.

"ಏನ್ ಮಾಡಿದ್ಯೋ ಮಾರಾಯ," ಎಂದ ಈಶ್ವರ್. "ಅದನ್ನ ಯಾಕ ಹಿಡದಿ?"

"ಇಲ್ಲೊಬ್ರು ಇದ್ರಲ್ರೀ," ಎಂದ ಅವನು. "ಅವ್ರೆಲ್ಲಿ?"

ಈಶ್ವರ್ ಎಂಜಿನಿಯರನ ಕಡೆ ನೋಡಿದ. ಸುತ್ತ ನಿಂತ ಗಿರಾಕಿಗಳ ಕಡೆ ನೋಡಿದ. "ಯಾರೂ ಇದ್ದಿಲ್ಲ. ಮೊದ್ಲಿಂದ್ಲೂ ಮಷೀನೇ ಅದು."

"ಮಾತಾಡ್ತಿದ್ರು."

"ಅದೂ ಮಷೀನೇ."

ವಿರುಪಮ್ಮ ಹಳಿಯ ಬದಿಯಲ್ಲಿ, ನನ್ನಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ತೋಳು ಮೇಲಕ್ಕೆ ಸರಿಸಿ, ಕೂಡಿಸಿಟ್ಟುಕೊಂಡಿದ್ದ ಆ ಮಾತು ಹೇಳಿದ್ದರೆ ಸಾಕಿತ್ತು. ಸರಿಸಲಿಲ್ಲ. ಅವನು ರಬ್ಬರ್ ಕೈಯನ್ನು ಬೆಂಚಿನ ಮೇಲೆ ಮೆಲ್ಲಗೆ, ನೋವಾಗದಂತೆ ಇಟ್ಟು, ಎದ್ದು, ಹಳಿಯ ಮೇಲೆಯೇ ನಡೆದು, ಆಕೆಯ ಪಕ್ಕದಿಂದಲೇ ಹೊರಗೆ ಹೋದ.

೭

ಜಗಳ ಇಲ್ಲಿಂದ ಶುರುವಾಗುತ್ತದೆ. ಅಂಗಡಿಯಲ್ಲಿ, ಅರ್ಜಿ ಅರ್ಧಕ್ಕೆ ನಿಂತಿತ್ತು.

"ಯಾಕೆ ಸುಮ್ಮನಿದ್ರಿ?" ಎಂದು ಕೇಳಿದೆ.

"ಬೆಳಕಿತ್ತಲ್ಲ ಸಾರ್."

"ಇದ್ರೆ?"

"ಅಂವಗ ಮೂವತ್ತೂ ಆಗಿದ್ದಿಲ್ಲ. ನಮ್ಮ ತಾಯಕ್ಕನ ಹಿರೇ ಮಗನ ವಾರಿಗಿ. ಕೈ ಒರಟಿತ್ತು, ದನಿ ಭಾರಿತ್ತು, ನಾನು ಹಿರೇರು ಅಂದ್ಕಂಡಿದ್ದೆ. ಒಂದೂವರಿ ವರ್ಷ ಮನಸ್ಸಿನಾಗ 'ಅವ್ರು' ಅಂತಿದ್ದೆ. ಲೈಟ್ ಹತ್ತಿದ ಕೂಡ್ಲೆ 'ಅಂವ' ಅಂತ ಬಂತು. ಹಂಗ ಬಂದ ಮ್ಯಾಲೆ ತೋಳು ಹೆಂಗ ಏರಸ್ಲಿ?" ಆಕೆ ಸೆರಗು ಸರಿಮಾಡಿಕೊಂಡಳು. "ಅದಿರ್ಲಿ. ಸುಳ್ಳು ಅಂತ ನಿಮಗೂ ಗೊತ್ತಿತ್ತು. ನೀವ್ಯಾಕ ಬಾಯಿ ಬಿಡ್ಲಿಲ್ಲ?"

ಇದಕ್ಕೆ ನಾನು ಮೂರು ಉತ್ತರ ಬರೆದು ಮೂರನ್ನೂ ಅಳಿಸಿದ್ದೇನೆ. ನಿಜ ಇದು: ಅಲಾರಂ ಹೊಡೆದಾಗ ನನ್ನ ರೆಕಾರ್ಡಿಂಗು ವಾಕ್ಯದ ನಡುವೆ ನಿಂತುಹೋಗಿತ್ತು. ಮತ್ತೆ ಎಲ್ಲಿಂದ ಶುರುವಾಗುತ್ತದೋ ಎಂದು ನಾನು ಕಾಯುತ್ತಿದ್ದೆ.

೮

ಆ ವಾರ ಕೂತು ಇದನ್ನೆಲ್ಲ ಬರೆದೆ. ಮುಂದಿನ ವಾರ ಅರ್ಜಿಯ ಪ್ರತಿ ಒಯ್ಯಲು ಬಂದವಳನ್ನು ಕೂಡಿಸಿ ಓದಿ ಹೇಳಿದೆ. ಪ್ರಾಯಶ್ಚಿತ್ತ ಅನ್ನಿ, ಚಪಲ ಅನ್ನಿ, ಮೂರು ಮುಕ್ತಾಯ ಸಿದ್ಧಮಾಡಿಟ್ಟಿದ್ದೆ.

(ಅ) ವಿರುಪಮ್ಮ ತೋಳು ಸರಿಸಿ ಮಾತಾಡುತ್ತಾಳೆ. ಅವನು ಚೇಳು ನೋಡುತ್ತಾನೆ. ವಯಸ್ಸಿನ ಮಾತು ಯಾರೂ ಎತ್ತುವುದಿಲ್ಲ. ಇಬ್ಬರೂ ಕಮಲಾಪುರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ.

"ಚಾ ಕುಡದ ಮ್ಯಾಲೆ?" ಎಂದಳು.

ಅಲ್ಲಿಂದ ಮುಂದೆ ನಾನು ಬರೆದಿರಲಿಲ್ಲ.

(ಆ) ಅದಿರಿನ ದೂಳು ಕೂತು ಸೆನ್ಸರುಗಳು ಒಂದೊಂದಾಗಿ ಕೆಡುತ್ತವೆ. ಈಶ್ವರ್ ಆಕೆಯನ್ನು ಮತ್ತೆ ಪರದೆಯ ಹಿಂದೆ ಕೂಡಿಸುತ್ತಾನೆ. ಒಂದು ಗುರುವಾರ, ನಾಲ್ಕು ಗಂಟೆಗೆ, ಕೊನೆಯ ಟ್ರಾಲಿ ಬರುತ್ತದೆ...

"ಇದು ಅರ್ಧ ಖರೇ ಐತಿ," ಎಂದಳು. "ಹೋದ ವರ್ಷ ಈಶ್ವರಪ್ಪ ಮತ್ತ ಒಳಗ ಕರದಿದ್ರು. 'ಮಷೀನ್ ಕೈ ಕೊಟ್ಟೈತಿ, ಜಲ್ದಿ ಬಂದು ಕುಂದ್ರು' ಅಂದ್ರು. ಹೋದೆ. ಬಕೆಟ್ಟು ಅಲ್ಲೇ ಇತ್ತು. ನಾಕು ದಿನ ಕುಂತೆ. ಈಗೆಲ್ರ ಹತ್ರನೂ ಟಾರ್ಚಿನ ಮೊಬೈಲ್ ಅದಾವಲ್ಲ ಸಾರ್. ಕೈ ಇಟ್ಟ ಕೂಡ್ಲೆ ಹಿಂದಕ್ಕ ತಿರುಗಿ ಮಕಕ್ಕ ಬೆಳಕು ಬಿಡ್ತಾರ. ಒಂದು ಹುಡುಗಿ ಭಾಳ ಮರ್ಯಾದಿಲೆ 'ಸಾರಿ ಅಜ್ಜಿ' ಅಂತು. ಅವತ್ತೇ ಬಿಟ್ಟೆ."

"ಅವತ್ತು ಗುರುವಾರನಾ?" ಎಂದು ನಾನು ಕೇಳಿದೆ. (ಕಥೆಗಾರರ ಕೆಟ್ಟ ಚಟ.)

"ಸೋಮವಾರ," ಎಂದಳು.

(ಇ) ಲೇಖಕ ಸಂಡೂರಿನ ಬಸ್ಸು ಹತ್ತಿ, ಬಂಡ್ರಿಗೆ ಹೋಗಿ, ಡ್ರೈವರನ್ನು ಹುಡುಕಿ, ತಪ್ಪೊಪ್ಪಿಕೊಂಡು...

ಆಕೆ ಕೈಯೆತ್ತಿ ತಡೆದಳು.

"ನೀವು ಹೋಗಬ್ಯಾಡ್ರಿ. ನಾನು ಹೋಗಿದ್ದೆ."

ಯಾರಿಗೂ ಹೇಳದೆ, ಆ ವರ್ಷದ ಸಂಕ್ರಾಂತಿ ಆದಮೇಲೆ, ಹೋಗಿದ್ದಳು. ಬಂಡ್ರಿಯಲ್ಲಿ ಇಳಿದು, ಲಾರಿಗಳು ನಿಲ್ಲುವ ಹೋಟೆಲೊಂದರಲ್ಲಿ ಮೂಲೆಯ ಬೆಂಚು ಹಿಡಿದು, ಮಂಡಾಳು ವಗ್ಗರಣೆ ತರಿಸಿಕೊಂಡಳು. ಸುತ್ತ ಡ್ರೈವರುಗಳು ಉಣ್ಣುತ್ತ ಮಾತಾಡುತ್ತಿದ್ದರು. ಮುಖ ನೋಡಿದರೆ ತಲೆ ಕೆಡುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಕೂತಳು. ಯಾರೋ ಡೀಸೆಲ್ಲಿನ ಸುದ್ದಿ, ಯಾರೋ ಮಗಳ ಶಾಲೆ, ಯಾರೋ ಬಂದರಿನಲ್ಲಿ ಎಂಟು ದಿನ ಕ್ಯೂ ನಿಂತದ್ದು. ಒಂದು ತಾಸು. ಹೋಟೆಲಿನ ಊರಮ್ಮ ಎಂಬ ಹೆಂಗಸು ಬಂದು ಭುಜ ಮುಟ್ಟಿ, "ಯಾಕಬೇ, ತಲಿ ತಿರುಗಾಕತ್ತೈತೇನು?" ಎಂದಳಂತೆ.

"ದನಿ ಸಿಕ್ತಾ?" ಎಂದೆ.

ನನ್ನ ಮೇಜಿನ ಮೇಲಿನ ಹಾಳೆಗಳನ್ನು ತೆಗೆದುಕೊಂಡು, ಓದು ಬಾರದ ಆಕೆ, ಕೊನೆಯ ಹಾಳೆ ಯಾವುದೆಂದು ಕೇಳಿದಳು. ತೋರಿಸಿದೆ. ಅದನ್ನು ಬೇರೆ ಮಾಡಿ ನನ್ನ ಕಡೆ ಸರಿಸಿದಳು.

"ಇದೊಂದು ಬ್ಯಾಡ್ರಿ. ಉಳಿದಿದ್ದು ಇರ್ಲಿ."

"ಕಥೆ ಎಲ್ಲೋ ಒಂದು ಕಡೆ ಮುಗೀಬೇಕಲ್ಲ ವಿರುಪಮ್ಮ?"

"ನೀವು ಮುಗಿಸಿ ಕೊಟ್ಟುಬಿಟ್ರ, ಗುರುವಾರ ಬಂದ್ರ ನಾನೇನು ಮಾಡ್ಲಿ ಸಾರ್?"

ಹಾಳೆಗಳನ್ನು ಮಡಚಿ, ಅರ್ಜಿಯ ಜೊತೆ ಕೈಚೀಲದಲ್ಲಿಟ್ಟುಕೊಂಡು ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನಾಳೆ ಸಂಡೂರಿಗೆ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ಆರೂವರೆಗೆ ಎಂದೆ. ಹೋಗುತ್ತೀರಾ ಎಂದು ನಾನು ಕೇಳಲಿಲ್ಲ. ನೀವೂ ಕೇಳಬೇಡಿ.